ಕ್ರಿಮಿನಲ್ ಕೇಸ್ ಬಂತಾ? ವಕೀಲರಿಗೆ ದುಡ್ಡು ಕೊಡುವ ಮೊದಲು ಎಫ್‌ಐಆರ್ ನೋಡಿ

ಕಲಬುರಗಿಯಲ್ಲಾಗಲಿ ಆಳಂದದಲ್ಲಾಗಲಿ, ಕೋರ್ಟ್ ಗೇಟಿನ ಹತ್ತಿರ ಹೀಗಾಗುವುದನ್ನು ಬಹಳ ಸಲ ನೋಡಿದ್ದೇನೆ. ಮನೆ ಹುಡುಗನನ್ನು ಪೊಲೀಸರು ಹಿಡಿದಿದ್ದಾರೆಂದು ಮನೆಯವರು ಗಾಬರಿಯಲ್ಲಿ ಬರುತ್ತಾರೆ. ಯಾರೋ ಒಬ್ಬ ಎದುರಾಗಿ, "ನಮ್ಮ ವಕೀಲ ಸಾಹೇಬ್ರು ಅದಾರ್ರಿ, ಸಂಜಿತನಕ ಬೇಲ್ ಆಗ್ತದ" ಎನ್ನುತ್ತಾನೆ. ಯಾವ ಸೆಕ್ಷನ್ ಎಂದು ಇವರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಆದರೂ ದುಡ್ಡು ಹೋಗಿಬಿಡುತ್ತದೆ.

ಮೊದಲ ಕೆಲಸ, ಎಫ್‌ಐಆರ್ ಪ್ರತಿ ತೆಗೆಸುವುದು. ಕರ್ನಾಟಕ ಪೊಲೀಸ್ ವೆಬ್‌ಸೈಟಿನಲ್ಲಿ ಸಿಗುತ್ತದೆ. 24 ಗಂಟೆಯೊಳಗೆ ಅದನ್ನು ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಕೇಸುಗಳನ್ನು ಅಲ್ಲಿ ಹಾಕುವುದಿಲ್ಲ. ಅವಕ್ಕೆ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ನಕಲು ಕೇಳಬೇಕು. ಪ್ರತಿ ಕೈಗೆ ಬರುವುದು ತಡವಾದರೆ ಠಾಣೆಯಲ್ಲಿ ಕ್ರೈಂ ನಂಬರ್ ಮತ್ತು ಸೆಕ್ಷನ್‌ಗಳನ್ನಾದರೂ ಕೇಳಿ ಬರೆದುಕೊಳ್ಳಿ.

ಈಗ ಆ ಸೆಕ್ಷನ್‌ಗಳನ್ನು ಓದಬೇಕು. ಜನ ಎಡವುವುದು ಇಲ್ಲೇ. ತೊಗರಿ ಹೊಲದ ಬದುವಿನ ಮೇಲೆ ಜಗಳವಾಯಿತು ಅನ್ನಿ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ, ನಂಬರ್‌ಗಳೆಲ್ಲ ಹೊಸವು. ಬರೀ ಕೈಯಲ್ಲಿ ಹೊಡೆದದ್ದಕ್ಕೆ 115(2) ಹಾಕಿದ್ದರೆ ಅದು ಜಾಮೀನು ಸಿಗಲೇಬೇಕಾದ ಅಪರಾಧ. ಠಾಣೆಯಲ್ಲೇ ಬಿಡುಗಡೆ ಆಗಬಹುದು. ಕುಡಗೋಲು ಹಿಡಿದಿದ್ದ ಎಂದು 118(1) ಸೇರಿದರೆ ಜಾಮೀನು ಹಕ್ಕಾಗಿ ಸಿಗುವುದಿಲ್ಲ, ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಬೇಕು. ಅದೇ ಜಗಳಕ್ಕೆ 109, ಅಂದರೆ ಕೊಲೆ ಯತ್ನ ಎಂದು ಬರೆದಿದ್ದರೆ ವಿಚಾರಣೆ ನಡೆಯುವುದು ಸೆಷನ್ಸ್ ಕೋರ್ಟಿನಲ್ಲಿ. ಜಗಳ ಒಂದೇ, ಆದರೆ ಬೇಕಾಗುವ ವಕೀಲರು ಬೇರೆ ಬೇರೆ. ಜೊತೆಗೆ ಅಟ್ರಾಸಿಟಿ ಕಾಯ್ದೆ, ಅಂದರೆ ಪರಿಶಿಷ್ಟ ಜಾತಿ ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಇದೆಯಾ ನೋಡಿ. ಇದ್ದರೆ ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನಿಗೆ, ಅದರ 18ನೇ ಸೆಕ್ಷನ್ ಅಡ್ಡ ಬರುತ್ತದೆ. ವಿಶೇಷ ಕೋರ್ಟ್ ಜಾಮೀನು ಕೊಡದಿದ್ದರೆ ಹೈಕೋರ್ಟಿಗೆ ಮೇಲ್ಮನವಿ ಹಾಕಬೇಕು. ಅದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ಬೀದರ್, ಯಾದಗಿರಿ, ರಾಯಚೂರು, ವಿಜಯಪುರದವರಿಗೂ ಕಲಬುರಗಿ ಪೀಠವೇ. 2013ರಿಂದ ಅದು ಕಾಯಂ ಪೀಠ.

ಇನ್ನು ವಕೀಲರ ಹುಡುಕಾಟ. ನನ್ನ ಮಾತು ಕೇಳಿ: ನಿಮ್ಮ ಕೇಸ್ ನಡೆಯುವ ಕೋರ್ಟಿನಲ್ಲೇ ದಿನಾ ನಿಲ್ಲುವವರನ್ನು ಹಿಡಿಯಿರಿ. ಶಹಾಪುರದ ಕೇಸಿಗೆ ದೂರದ ದೊಡ್ಡ ಹೆಸರಿನವರನ್ನು ತಂದರೆ ಪ್ರತಿ ತಾರೀಖಿಗೆ ಜೂನಿಯರ್ ಬಂದು ಸಮಯ ಕೇಳುತ್ತಾರೆ, ಅಷ್ಟೇ. ಹೊಲದ ವ್ಯಾಜ್ಯ ನೋಡುವ ಮನೆಯ ಹಳೆ ವಕೀಲರೂ ಬೇಡ. ಅವರನ್ನೇ ಕೇಳಿ ಒಳ್ಳೆ ಕ್ರಿಮಿನಲ್ ವಕೀಲರ ಹೆಸರು ತೆಗೆದುಕೊಳ್ಳಿ. ಕೋರ್ಟ್ ಹಾಲಿನಲ್ಲಿ ಯಾರು ಬೇಕಾದರೂ ಕುಳಿತು ನೋಡಬಹುದು. ಜಾಮೀನು ಅರ್ಜಿಗಳ ವಾದ ನಡೆಯುವಾಗ ಅರ್ಧ ದಿನ ಕುಳಿತರೆ ಯಾರು ಕಡತ ಓದಿಕೊಂಡು ಬಂದಿದ್ದಾರೆ ಎಂದು ತಿಳಿಯುತ್ತದೆ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ವಕೀಲರ ಹೆಸರು ಹಾಕಿ ಅವರ ಕೇಸುಗಳನ್ನೂ ನೋಡಬಹುದು. "ನಂಬರ್ ಒನ್ ವಕೀಲ, ಗ್ಯಾರಂಟಿ ಬೇಲ್" ಎಂಬ ಆನ್‌ಲೈನ್ ಜಾಹೀರಾತನ್ನು ಬಿಟ್ಟುಬಿಡಿ. ವಕೀಲರು ಜಾಹೀರಾತು ಕೊಡುವುದನ್ನೇ ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ.

ಭೇಟಿಯಾದಾಗ ಮುಚ್ಚುಮರೆ ಇಲ್ಲದೆ ಎಲ್ಲಾ ಹೇಳಿ. ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಅವರು ಹೊರಗೆ ಹೇಳುವಂತಿಲ್ಲ. ಸೆಷನ್ಸ್ ವಿಚಾರಣೆ ನಡೆಸಿದ್ದೀರಾ, ಪಾಟಿ ಸವಾಲು ನೀವೇ ಮಾಡ್ತೀರಾ ಎಂದು ಕೇಳಲು ಸಂಕೋಚ ಬೇಡ. ಫೀ ಜಾಮೀನಿಗೆ ಎಷ್ಟು, ವಿಚಾರಣೆಗೆ ಎಷ್ಟು ಎಂದು ಬೇರೆ ಬೇರೆ ಬರೆಸಿಕೊಳ್ಳಿ, ರಸೀದಿ ಕೇಳಿ. "ಗೆದ್ದರೆ ಇಷ್ಟು" ಎಂಬ ಒಪ್ಪಂದಕ್ಕೆ ನಿಯಮದಲ್ಲಿ ಜಾಗವಿಲ್ಲ. "ಸಾಹೇಬರಿಗೆ ಕೊಡಬೇಕು" ಎಂದು ಹಣ ಕೇಳಿದರೆ ಎದ್ದು ಬನ್ನಿ. ವಕಾಲತ್ತಿಗೆ ಸಹಿ ಮಾಡಿ, ಖಾಲಿ ಹಾಳೆಗೆ ಮಾತ್ರ ಮಾಡಲೇಬೇಡಿ. ಮುಂದೆ ವಕೀಲರನ್ನು ಬದಲಿಸಬೇಕಾದರೆ ಫೀ ಬಾಕಿ ಎಂದು ಅವರು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್ ಹಾಗೆಂದು ತೀರ್ಪು ಕೊಟ್ಟಿದೆ.

ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಪುಕ್ಕಟೆ ವಕೀಲರು ಸುಮ್ನೆ ನಿಲ್ಲುತ್ತಾರೆ ಎಂಬ ಮಾತು ನಂಬಬೇಡಿ.

ಜನ ಜಾಸ್ತಿ ಕೇಳುವುದು ಬಂಧನದ ಬಗ್ಗೆ. ಹಿಡಿದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು. ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು. ಪೊಲೀಸರ ಮುಂದೆ ತಪ್ಪೊಪ್ಪಿಗೆ ಕೊಟ್ಟರೂ ಅದು ಕೋರ್ಟಿನಲ್ಲಿ ಸಾಕ್ಷ್ಯವಲ್ಲ. ಹಾಗಂತ ಕೊಡಬೇಡಿ. ಏಕೆಂದರೆ ಆ ಮಾತಿನಿಂದ ಯಾವುದಾದರೂ ವಸ್ತು ಸಿಕ್ಕರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ಬಂಧಿಸದೆ ಠಾಣೆಗೆ ಹಾಜರಾಗಲು ಕರೆಯುವ ಪೊಲೀಸ್ ನೋಟಿಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)) ಬಂದರೆ ತಪ್ಪಿಸಿಕೊಳ್ಳಬೇಡಿ, ವಕೀಲರಿಗೆ ತೋರಿಸಿ ಹಾಜರಾಗಿ. ಹೋಗದಿದ್ದರೆ ಅದೇ ಬಂಧನಕ್ಕೆ ಕಾರಣವಾಗಬಹುದು. ಒಳಗಿದ್ದರೆ ದಿನ ಎಣಿಸುತ್ತಿರಿ: 60 ದಿನದಲ್ಲಿ, ದೊಡ್ಡ ಅಪರಾಧಕ್ಕೆ 90 ದಿನದಲ್ಲಿ, ದೋಷಾರೋಪ ಪಟ್ಟಿ ಬರದಿದ್ದರೆ ಜಾಮೀನು ಹಕ್ಕು. ಆದರೆ ಪಟ್ಟಿ ಬರುವ ಮೊದಲೇ ಅರ್ಜಿ ಹಾಕಿರಬೇಕು.

ಕೊನೆಗೆ ಜಾಮೀನುದಾರರು. ಆದೇಶ ಆದ ಮೇಲೆ ಹುಡುಕಲು ಶುರು ಮಾಡಿದರೆ ಹುಡುಗ ಇನ್ನೂ ಮೂರು ದಿನ ಒಳಗೇ ಇರುತ್ತಾನೆ. ಪಹಣಿ, ಆಧಾರ್, ಫೋಟೊ ಸಮೇತ ಸೋದರಮಾವನನ್ನೋ ಕಾಕಾನನ್ನೋ ಮೊದಲೇ ಒಪ್ಪಿಸಿ ಇಟ್ಟುಕೊಳ್ಳಿ. ಕೋರ್ಟ್ ಹೊರಗೆ ಸಿಗುವ ಬಾಡಿಗೆ ಜಾಮೀನುದಾರ ಖಂಡಿತ ಬೇಡ. ಸುಳ್ಳು ಕಾಗದ ಎಂದು ಗೊತ್ತಾದರೆ ಇನ್ನೊಂದು ಕೇಸ್ ಬೀಳುತ್ತದೆ. ಆರೋಪಿ ತಾರೀಖಿಗೆ ಬರದಿದ್ದರೆ ಬಾಂಡಿನ ಹಣ ಜಾಮೀನು ನಿಂತವರಿಂದ ವಸೂಲಾಗುತ್ತದೆ. ಸಹಿ ಹಾಕಿಸುವ ಮೊದಲೇ ಅದನ್ನು ಅವರಿಗೆ ಬಿಡಿಸಿ ಹೇಳಿ.