ರಾಯಚೂರು ಕಾಳಗಕ್ಕೆ ನಾನು ಸೈನ್ಯ ಕಟ್ಟಿದ್ದು

ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಷಾನಿಗೂ ನಡೆದ 1520ರ ರಾಯಚೂರು ಕಾಳಗವನ್ನು ಒಂದು ಸ್ಟ್ರಾಟಜಿ ಗೇಮ್‌ನಲ್ಲಿ ಆಡಿಸಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಮ್ಯಾಪ್ ಬೇಗ ಮುಗಿಯಿತು. ಕೃಷ್ಣಾ ನದಿ, ಅದರ ದಡದ ಬಯಲು, ಹೊಳೆಗೆ ಬೆನ್ನು ಹಾಕಿ ನಿಂತ ಆದಿಲ್‌ಶಾಹಿ ಪಡೆ. ಸೈನ್ಯ ಕಟ್ಟೋದಕ್ಕೆ ಮಾತ್ರ ತಿಂಗಳುಗಳೇ ಹಿಡಿದವು.

ಮೊದಲು ಓದಿದ್ದು ನ್ಯೂನಿಜ್ ಬರೆದದ್ದನ್ನು. ಕಾಳಗವಾಗಿ ಸುಮಾರು 15 ವರ್ಷದ ಮೇಲೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಅವನು. ವಿಜಯನಗರದ ಯಾವ ನಾಯಕನ ಹಿಂದೆ ಎಷ್ಟು ಜನ ಅಂತ ಒಬ್ಬೊಬ್ಬರದೇ ಲೆಕ್ಕ ಕೊಡುತ್ತಾನೆ. ಕೂಡಿದರೆ 7,03,000 ಕಾಲಾಳು, 32,600 ಕುದುರೆ, 551 ಆನೆ. ಎದುರಿಗೆ ಇಸ್ಮಾಯಿಲ್ ಆದಿಲ್ ಷಾನ ಕಡೆ 1,20,000 ಕಾಲಾಳು, 18,000 ಕುದುರೆ, 150 ಆನೆ.

ಅದನ್ನು ಹಾಗೇ ಚಿಕ್ಕದು ಮಾಡಿ ಗೇಮ್‌ಗೆ ಹಾಕಿದೆ. ಆಟವೇ ಆಗಲಿಲ್ಲ. ವಿಜಯನಗರದ ಕಾಲಾಳುಗಳು ಸುಮ್ನೆ ನಡೆದು ಹೋಗಿ ಸುತ್ತುವರಿದರೆ ಮುಗಿಯಿತು. ಏಳು ಲಕ್ಷ ಜನ ಒಂದೇ ಕಡೆ ಸೇರಿದರೆ ಅನ್ನ, ನೀರು, ಮೇವು ಎಲ್ಲಿಂದ ಬರಬೇಕು, ಅಲ್ವಾ? ಆ ಕಡೆ ಬಿಜಾಪುರದ ಆಸ್ಥಾನದಲ್ಲಿ ಚರಿತ್ರೆ ಬರೆದ ಫೆರಿಸ್ತಾನನ್ನು ಓದಿದರೆ, ಆದಿಲ್ ಷಾ ಕುಡಿದ ಅಮಲಿನಲ್ಲಿ ಸಣ್ಣ ಪಡೆ ಕಟ್ಟಿಕೊಂಡು ಹೊಳೆ ದಾಟಿದ ಅನ್ನುತ್ತಾನೆ. ಎರಡೂ ಲೆಕ್ಕ ಒಂದಕ್ಕೊಂದು ಕೂಡೋದೇ ಇಲ್ಲ.

ಆಮೇಲೆ ಒಟ್ಟು ಮೊತ್ತ ಬಿಟ್ಟು ಪಾಲು ನೋಡಿದೆ. ನ್ಯೂನಿಜ್ ಲೆಕ್ಕದಲ್ಲೇ ವಿಜಯನಗರದ ಒಂದು ಕುದುರೆಗೆ ಹತ್ತಿರ ಹತ್ತಿರ 22 ಕಾಲಾಳು. ಆದಿಲ್‌ಶಾಹಿ ಕಡೆ 7ಕ್ಕಿಂತ ಕಡಿಮೆ. ಇಲ್ಲೇ ನನ್ನ ಸಿನಾರಿಯೊ ತಿರುಗಿತು. ಒಂದು ಕಡೆ ಜನ ಜಾಸ್ತಿ, ಇನ್ನೊಂದು ಕಡೆ ಓಟ ಜಾಸ್ತಿ. ಗೇಮ್‌ಗೆ ಚಿಕ್ಕದು ಮಾಡುವಾಗ ಕಾಲಾಳಿಗೆ ಒಂದು ಅಳತೆ, ಕುದುರೆಗೆ ಬೇರೆ ಅಳತೆ ಇಟ್ಟೆ. ಎರಡೂ ಕಡೆಗೆ ಅದೇ ಅಳತೆ.

ಇನ್ನೊಂದು ವಿಷಯ ಹಂಚಿಕೆ. ಆನೆಗಳನ್ನು ನಾನು ಎಲ್ಲ ನಾಯಕರಿಗೂ ಸಮನಾಗಿ ಹಂಚಿದ್ದೆ. ಅದು ತಪ್ಪು. ಮುಂದೆ ಹೋದ ಕಾಮನಾಯಕನಿಗೆ 30,000 ಕಾಲಾಳು, 1,000 ಕುದುರೆ, ಕೆಲವೇ ಆನೆ. 300 ಆನೆ ಇದ್ದದ್ದು ಕೃಷ್ಣದೇವರಾಯನ ಸ್ವಂತ ಪಡೆಯಲ್ಲಿ, 6,000 ಕುದುರೆ ಮತ್ತು ಆರಿಸಿದ 40,000 ಕಾಲಾಳುಗಳ ಜೊತೆ. ಈಗ ಆ ಪಡೆಯನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದೇನೆ. ಮುಂದಿನ ಸಾಲು ಮುರಿದ ಮೇಲೆ ಆಟಗಾರ ಅದನ್ನು ಇಳಿಸಬೇಕು. ಕಾಳಗ ನಡೆದದ್ದೂ ಹಾಗೇ.

ಮುಂದಿನ ಸಾಲು ಮುರಿದದ್ದು ಫಿರಂಗಿಯಿಂದ. ಆದಿಲ್ ಷಾನ ಕಡೆಯವರು ಕಾದು ನಿಂತು ಎಲ್ಲವನ್ನೂ ಒಟ್ಟಿಗೆ ಹಾರಿಸಿದರು. ಗೆದ್ದವರ ಕೈಗೆ ಸಿಕ್ಕ ದೊಡ್ಡ ಫಿರಂಗಿಗಳೇ 400 ಅಂತ ನ್ಯೂನಿಜ್ ಹೇಳುತ್ತಾನೆ. ಅದಕ್ಕೇ ಮೊದಲ ಏಟನ್ನು ಭಯಂಕರ ಮಾಡಿದೆ, ಮತ್ತೆ ಮದ್ದು ತುಂಬೋದನ್ನು ತುಂಬಾ ನಿಧಾನ ಮಾಡಿದೆ.

ಕೊನೆಗೆ ಸೇರಿಸಿದ್ದು ಒಂದೇ ಒಂದು ತುಕಡಿ. ಆದಿಲ್ ಷಾನ ಸೇನಾಪತಿ ಸಲಾಬತ್ ಖಾನನ ಜೊತೆ 500 ಪೋರ್ಚುಗೀಸರಿದ್ದರು, ತಮ್ಮವರನ್ನು ಬಿಟ್ಟು ಬಂದವರು. ಉಳಿದವರೆಲ್ಲ ಹೊಳೆಯ ಕಡೆ ಓಡುವಾಗಲೂ ಇವರು ಹೋರಾಡುತ್ತಲೇ ಇದ್ದರು. ಗೇಮ್‌ನಲ್ಲಿ ಅವರ ಧೈರ್ಯದ ಅಂಕ ಎಲ್ಲರಿಗಿಂತ ಮೇಲೆ. ಸಲಾಬತ್ ಖಾನ್ ಸೆರೆ ಸಿಗುವ ತನಕ ಅವರು ಬೆನ್ನು ತಿರುಗಿಸುವುದಿಲ್ಲ.