ಹರ್ಕ್ಯುಲಿಸ್ ನೂಲು ತೆಗೆಯುವ ಚಿತ್ರವನ್ನು ನೋಡುವ ಬಗೆ

ಬರೋಕ್ ಕಾಲದ, ಅಂದರೆ ಸುಮಾರು ಹದಿನೇಳನೆಯ ಶತಮಾನದ ಯುರೋಪಿನ, ಪುರಾಣಚಿತ್ರಗಳಲ್ಲಿ ಗಂಡುಹೆಣ್ಣಿನ ಪಾತ್ರಗಳು ಅದಲುಬದಲಾಗಿವೆಯೇ ಎಂದು ತಿಳಿಯಬೇಕಾದರೆ, ಮುಖಗಳನ್ನು ಬಿಟ್ಟು ಮೊದಲು ಕೈಗಳನ್ನು ನೋಡಿ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ಫ್ಲೆಮಿಶ್ ಚಿತ್ರಕಾರ ರೂಬೆನ್ಸ್ 1600ರ ದಶಕದಲ್ಲಿ ಇಟಲಿಯಲ್ಲಿದ್ದಾಗ ಬರೆದ ಚಿತ್ರದಲ್ಲಿ, ಕೊಲೆಯ ಪ್ರಾಯಶ್ಚಿತ್ತವಾಗಿ ಲಿಡಿಯಾದ ರಾಣಿ ಓಂಫಾಲೆಗೆ ದಾಸನಾಗಿ ಮಾರಾಟವಾದ ಗ್ರೀಕ್ ಪುರಾಣದ ಮಹಾಬಲಶಾಲಿ ಹರ್ಕ್ಯುಲಿಸ್ ಕುಳಿತು ನೂಲು ತೆಗೆಯುತ್ತಿದ್ದಾನೆ. ಅವನ ಸಿಂಹಚರ್ಮವನ್ನು ತಾನು ಹೊದ್ದು ನಿಂತಿರುವ ರಾಣಿ ಅವನ ಕಿವಿ ಹಿಂಡುತ್ತಿದ್ದಾಳೆ.

ಬಳಿಕ ಮೈಕಟ್ಟನ್ನು ಗಮನಿಸಿ. ಚಿತ್ರಕಾರ ನಾಯಕನ ತೋಳು, ಬೆನ್ನುಗಳ ಬಲವನ್ನು ಕಿಂಚಿತ್ತೂ ಕುಗ್ಗಿಸಿಲ್ಲ; ಅಷ್ಟು ದೊಡ್ಡ ದೇಹ ಅಷ್ಟು ಸಣ್ಣ ಎಳೆಗೆ ತಲೆಬಾಗಿರುವುದರಲ್ಲೇ ಚಿತ್ರದ ನಗೆ ಅಡಗಿದೆ. ಇದು ಬರಿಯ ಗೇಲಿಯೆಂದು ನನಗನಿಸುವುದಿಲ್ಲ, ಸೋಲಿನ ಸುಖವೂ ಅದರಲ್ಲಿದೆ.

ಸಿಂಹಚರ್ಮ ಹೊದ್ದವಳೆಲ್ಲ ಓಂಫಾಲೆಯೆಂದು ತೀರ್ಮಾನಿಸಬೇಡಿ. ರೋಮಿನ ಫರ್ನೇಸೆ ಅರಮನೆಯಲ್ಲಿ ಆನಿಬಾಲೆ ಕರಾಚ್ಚಿ ಬರೆದ ಭಿತ್ತಿಚಿತ್ರದಲ್ಲಿ ಆ ಚರ್ಮವನ್ನು ತೊಟ್ಟವಳನ್ನು ಹರ್ಕ್ಯುಲಿಸ್ ಮೋಹಿಸಿದ ರಾಜಕುಮಾರಿ ಇಯೋಲೆ ಎಂದೇ ಗುರುತಿಸುತ್ತಾರೆ. ಅಲ್ಲಿ ಹರ್ಕ್ಯುಲಿಸನ ಕೈಯಲ್ಲಿರುವುದು ಕಂಜೀರದಂಥ ವಾದ್ಯ.

ವೇಷ ಕಳಚುವ ಗಳಿಗೆಯನ್ನು ನೋಡಬೇಕೆಂದಿದ್ದರೆ ಟ್ರಾಯ್ ಯುದ್ಧದ ಗ್ರೀಕ್ ವೀರ ಅಕಿಲೀಸನ ಚಿತ್ರಗಳನ್ನು ಹುಡುಕಿ. ಹೆಣ್ಣುಡುಗೆಯಲ್ಲಿ ರಾಜಕುಮಾರಿಯರ ನಡುವೆ ಅಡಗಿದ್ದ ಅವನು, ಅವನನ್ನು ಯುದ್ಧಕ್ಕೆ ಕರೆದೊಯ್ಯಲು ವರ್ತಕನ ವೇಷದಲ್ಲಿ ಬಂದ ಗ್ರೀಕ್ ನಾಯಕ ಒಡಿಸ್ಸಿಯಸ್ ತಂದ ಸರಕಿನಲ್ಲಿ ಒಡವೆಗಳನ್ನು ಬಿಟ್ಟು ಆಯುಧಕ್ಕೆ ಕೈಹಾಕಿ ಸಿಕ್ಕಿಬೀಳುತ್ತಾನೆ. ಮ್ಯಾಡ್ರಿಡ್ಡಿನ ಪ್ರಾಡೊ ಸಂಗ್ರಹಾಲಯದಲ್ಲಿರುವ, ರೂಬೆನ್ಸ್ ಮತ್ತು ವ್ಯಾನ್ ಡೈಕ್ ಕೂಡಿ ಬರೆದ ಚಿತ್ರದಲ್ಲಿ ಉಡುಗೆ ಹೆಣ್ಣಿನದು, ಕೈಯಲ್ಲಿ ಕತ್ತಿ.