ಒಂದೇ ಡಂಜನ್‌ಗೆ ನಾಲ್ಕು ಸಲ

ನಾನು ತಯಾರಿಸುತ್ತಿರುವ ಸಾಹಸದ ವಿಡಿಯೊ ಗೇಮ್‌ನಲ್ಲಿ ಡಂಜನ್, ಅಂದರೆ ಒಗಟು, ಶತ್ರುಗಳಿಂದ ತುಂಬಿದ ಕೋಣೆಗಳ ಜಾಲ, ಇರುವುದು ಒಂದೇ. ಆಟ ಮುಗಿಯುವಷ್ಟರಲ್ಲಿ ಅದರೊಳಕ್ಕೆ ನಾಲ್ಕು ಸಲ ಇಳಿಯಬೇಕು, ಪ್ರತಿ ಸಲವೂ ಮೊದಲ ಬಾಗಿಲಿನಿಂದಲೇ.

ಈ ಹುಚ್ಚು ಹತ್ತಿದ್ದು ಕೈಯಲ್ಲಿ ಹಿಡಿದು ಆಡುವ ಯಂತ್ರ ನಿಂಟೆಂಡೊ ಡಿಎಸ್‌ಗೆ 2007ರಲ್ಲಿ ಬಂದ ಜೆಲ್ಡಾ ಆಟ ‘ಫ್ಯಾಂಟಮ್ ಅವರ್‌ಗ್ಲಾಸ್’ನಿಂದ. ಅದರಲ್ಲಿನ ಓಶನ್ ಕಿಂಗ್ ದೇವಾಲಯಕ್ಕೆ ಮತ್ತೆ ಮತ್ತೆ ಹೋಗಬೇಕು. ಮರಳು ಗಡಿಯಾರ ಖಾಲಿಯಾದರೆ ಜೀವ ಸೋರತೊಡಗುತ್ತದೆ. ಕಾವಲಿನ ಫ್ಯಾಂಟಮ್‌ಗಳನ್ನು ಆಟದ ಬಹುಭಾಗ ಕೊಲ್ಲಲು ಆಗುವುದೇ ಇಲ್ಲ. ತುಂಬ ಜನ ಬೇಸರಪಟ್ಟ ಜಾಗ ಅದು. ನನಗೆ ಮಾತ್ರ ಹಿಡಿಸಿತು. ಮ್ಯಾಪಿನ ಮೇಲೆ ಸ್ಟೈಲಸ್‌ನಲ್ಲಿ ನಾನೇ ಗೀಚಿಟ್ಟ ಗುರುತು ಮುಂದಿನ ಸಲ ಹೋದಾಗಲೂ ಅಲ್ಲೇ ಇರುತ್ತಿತ್ತು, ಹಳೆಯ ನಾನು ಹೊಸ ನನಗೆ ದಾರಿ ತೋರಿಸಿದ ಹಾಗೆ. 2009ರಲ್ಲಿ ಬಂದ ಮುಂದಿನ ಜೆಲ್ಡಾ ಆಟ ‘ಸ್ಪಿರಿಟ್ ಟ್ರ್ಯಾಕ್ಸ್’ನಲ್ಲಿ ಹೀಗೇ ಮತ್ತೆ ಮತ್ತೆ ಹೋಗಬೇಕಾದ ಗೋಪುರವೊಂದಿದೆ, ಆದರೆ ಅದರ ನಡುವಿನ ಮೆಟ್ಟಿಲು ಹತ್ತಿ ನೇರವಾಗಿ ಹೊಸ ಮಹಡಿಗೆ ಹೋಗಬಹುದು. ಕಿರಿಕಿರಿ ತಪ್ಪಿತು ನಿಜ, ಆದರೆ ಹಳೆಯ ಮಹಡಿಗಳನ್ನು ನೆನಪಿಟ್ಟುಕೊಳ್ಳುವ ಅಗತ್ಯವೂ ತಪ್ಪಿತು. ನನಗೆ ಬೇಕಾಗಿದ್ದದ್ದು ಆ ನೆನಪೇ.

ನನ್ನ ಮೊದಲ ಆವೃತ್ತಿ ಸೋತಿತು. ಗೆಳತಿಯೊಬ್ಬಳು ಆಡುವಾಗ ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದೆ. ಮೊದಲ ಮೂರು ಕೋಣೆ ದಾಟಲು ಮೊದಲ ಸಲ 11 ನಿಮಿಷ, ಎರಡನೇ ಸಲ 9. ಅದೇ ಕಲ್ಲನ್ನು ಅದೇ ಗುಂಡಿಯ ತನಕ ಮತ್ತೆ ತಳ್ಳುತ್ತಾ, “ಇದನ್ನ ಆಗ್ಲೇ ಮಾಡಿದ್ನಲ್ಲ?” ಅಂದಳು. ಉತ್ತರ ಗೊತ್ತಿದ್ದರೂ ಕೈಗೆ ಕೆಲಸ ಮಾತ್ರ ಅಷ್ಟೇ ಇತ್ತು. ಬೇಸರ ಕಳೆಯಲೆಂದು ಶತ್ರುಗಳನ್ನು ಹೆಚ್ಚಿಸಿದೆ. ಅದು ಇನ್ನೂ ಕೆಟ್ಟಿತು.

ಕಡೆಗೆ ಎರಡು ಕೆಲಸ ಮಾಡಿದೆ. ಒಮ್ಮೆ ಬಿಡಿಸಿದ ಒಗಟು ಬಿಡಿಸಿದ ಹಾಗೇ ಉಳಿಯುವಂತೆ ಮಾಡಿದೆ. ಇದು ಸುಲಭ. ಎರಡನೆಯದಕ್ಕೆ ತಿಂಗಳುಗಳೇ ಹಿಡಿದವು: ಪ್ರತಿ ಕೋಣೆಯಲ್ಲೂ ಮೊದಲ ಸಲ ಕಣ್ಣಿಗೆ ಬಿದ್ದರೂ ಉಪಯೋಗಕ್ಕೆ ಬಾರದ ಒಂದು ವಸ್ತುವನ್ನು ಇಟ್ಟೆ. ಮೂರನೇ ಕೋಣೆಯ ಕಂದಕದಾಚೆ ಕಂಬವೊಂದಿದೆ, ಅದರಲ್ಲಿ ತುಕ್ಕು ಹಿಡಿದ ಬಳೆ. ಕೊಕ್ಕೆಹಗ್ಗ ಸಿಗುವುದು ಆಮೇಲೆ, ಡಂಜನ್ನಿನ ಹೊರಗೆ, ತುಂಬ ದೂರದಲ್ಲಿ. ಅದು ಸಿಕ್ಕಾಗ ಬಳೆಯ ಕಡೆಗೆ ಬಾಣದ ಗುರುತು ತೋರಿಸುತ್ತಿದ್ದೆ, ಅದನ್ನೂ ತೆಗೆದುಹಾಕಿದೆ. ಅದೇ ಗೆಳತಿ ಹಗ್ಗ ಕೈಗೆ ಬಂದ ತಕ್ಷಣ ಆಡುವುದನ್ನು ನಿಲ್ಲಿಸಿ “ಆ ಕಂಬ!” ಎಂದು ಕೂಗಿದಳು. ಅವತ್ತು ಮೂರು ಕೋಣೆಗೆ ಹಿಡಿದದ್ದು 4 ನಿಮಿಷ. ದಾರಿ ಗಿಡ್ಡವಾಗಿದ್ದು ಅವಳಿಗೆ ನೆನಪಿದ್ದುದರಿಂದ, ನಾನು ಕೊಟ್ಟ ರಿಯಾಯಿತಿಯಿಂದಲ್ಲ. ‘ಡಾರ್ಕ್ ಸೋಲ್ಸ್’ ಆಟದಲ್ಲಿ ಲಿಫ್ಟ್ ಇಳಿದು ಮತ್ತೆ ಆರಂಭದ ನೆಲೆಯಾದ ಫೈರ್‌ಲಿಂಕ್ ಶ್ರೈನ್ ಕಂಡಾಗ ನನಗಾದ ಸಂತೋಷಕ್ಕೆ ಇದು ತೀರ ಹತ್ತಿರ.

ನಾಲ್ಕನೇ ಸಲಕ್ಕೆ ಮಾತ್ರ ಬೇರೆ ತೊಡಕು ಎದುರಾಯಿತು. ದಾರಿ ಎಷ್ಟು ಸಲೀಸಾಯಿತೆಂದರೆ ಜಾಗದ ಭಯವೇ ಹೋಯಿತು. ಅದಕ್ಕೆ ಕೆಳಗಿನ ಕೋಣೆಗಳಿಗೆ ನೀರು ತುಂಬಿಸಿದೆ. ಗೋಡೆಗಳು ಅವೇ, ತಿರುವುಗಳೂ ಅವೇ, ಆದರೆ ನೆಲ ಕಾಣುವುದಿಲ್ಲ. ಗುಂಡಿ ಎಲ್ಲಿತ್ತೆಂದು ನೆನಪಿದ್ದವರು ಮಾತ್ರ ಧೈರ್ಯವಾಗಿ ಕಾಲಿಡುತ್ತಾರೆ.

ಮೊದಲ ಬಾಗಿಲ ಕಾವಲುಗಾರನನ್ನು ಅಷ್ಟು ಹೊತ್ತಿಗೆ ಒಂದೇ ಏಟಿಗೆ ಬೀಳಿಸಬಹುದು. ಆದರೂ ಆಡಿದವರಲ್ಲಿ ಹಲವರು ಮೊದಲ ದಿನ ಅಡಗಿದ್ದ ಕಂಬದ ಹಿಂದೆಯೇ ಹೋಗಿ ನಿಲ್ಲುತ್ತಾರೆ. ಆ ಕಂಬವನ್ನು ನಾನು ತೆಗೆಯುವುದಿಲ್ಲ.